ಬಾಗಿಲಿಗೆ ಬೀಗ ಇತ್ತಂತೆ

ಮುಂಬೈ ಪಕ್ಕದ ಠಾಣೆಗೆ ಹೋಗುವ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಆ ವಾರ ನಾವು ಕೋರ್ಟು ನಡೆಸಿದೆವು. ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ನಮ್ಮ ಡಬ್ಬಿಯಲ್ಲಿ ಕ್ಲಿಪ್ಪು, ಹಣೆಯ ಟಿಕಲಿ, ಪಿನ್ನು ಮಾರುವ ಹೆಂಗಸೊಬ್ಬಳಿದ್ದಾಳೆ. ವಿಜಯಪುರದ ಕಡೆಯವಳು, ಶಹಾಡ್‌ನ ಒಂಟಿಕೋಣೆ ಮನೆಗಳ ಚಾಳೊಂದರಲ್ಲಿ ಒಬ್ಬಳೇ ಇರುತ್ತಾಳೆ. ನಾನು ಉಡುಪಿಯವಳು, ಡೊಂಬಿವಲಿಯಲ್ಲಿ ಹತ್ತುವವಳು. ಅವಳ ಕನ್ನಡ ಬೇರೆ, ನನ್ನದು ಬೇರೆ. ಆದರೂ ಆ ಗದ್ದಲದಲ್ಲಿ ನಮ್ಮಿಬ್ಬರಿಗೆ ಅದೇ ನಂಟು. ಗಂಡ ತೀರಿಕೊಂಡ ಮೇಲೆ ಆಕೆ ವಿಧವಾ ಪಿಂಚಣಿಗೆ ಅರ್ಜಿ ಹಾಕಿದ್ದಳು. ಒಂದು ಬೆಳಿಗ್ಗೆ ಕಚೇರಿಯಿಂದ ಬಂದ ಕಾಗದ ನನ್ನ ಕೈಗಿಟ್ಟು, "ಅಕ್ಕಾರ, ಇದರಾಗ ಏನ್ ಬರದಾರ ನೋಡ್ರಿ" ಎಂದಳು. ಪರಿಶೀಲನೆಗೆ ಹೋದಾಗ ಬಾಗಿಲಿಗೆ ಬೀಗ ಇತ್ತಂತೆ. ಹಾಗಾಗಿ ಅಲ್ಲಿ ವಾಸವಿರುವುದು ಸಾಬೀತಾಗಿಲ್ಲ, ಅರ್ಜಿ ತಿರಸ್ಕೃತ. ಒಪ್ಪಿಗೆ ಇಲ್ಲದಿದ್ದರೆ ಮೇಲ್ಮನವಿ ಸಲ್ಲಿಸಬಹುದು.

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಅತ್ತೆಯ ಪಾಸ್‌ಪೋರ್ಟಿನ ಪರಿಶೀಲನೆಗೆ ಬಂದವರು ಹಿಂದಿನ ದಿನವೇ ಫೋನ್ ಮಾಡಿ, "ಅಜ್ಜಿ ಮನೆಯಲ್ಲಿರ್ತಾರಾ?" ಎಂದು ಕೇಳಿಕೊಂಡು ಬಂದಿದ್ದರು. ಅತ್ತೆ ಅವರನ್ನು ಕೂರಿಸಿ ನೀರುದೋಸೆ ಎರೆದು ಕೊಟ್ಟಿದ್ದರು. ಸೊಸೈಟಿಯ ಫ್ಲ್ಯಾಟಿಗಾದರೆ ಹೇಳಿ ಬರುತ್ತಾರೆ, ಚಾಳಿಗೆ ಹೇಳದೆ ಬರುತ್ತಾರೆ. ದುಡಿಯಲು ಹೋದವಳ ಮನೆಗೆ ಹಗಲಲ್ಲಿ ಬೀಗವಲ್ಲದೆ ತೋರಣ ಇರುತ್ತದೆಯೇ?

ಮೇಲ್ಮನವಿ ನಾನೇ ಬರೆದೆ. ಹಿಯರಿಂಗಿನ ದಿನ ಗೊತ್ತಾದದ್ದೇ ತಡ, ಡಬ್ಬಿಯಲ್ಲಿ ತಾಲೀಮು ಶುರುವಾಯಿತು. ಕಲ್ಯಾಣದಲ್ಲಿ ಹತ್ತುವ ನರ್ಸ್ ಒಬ್ಬಳು ತಾನೇ ಸಾಹೇಬರಾಗಿ, ಬ್ಯಾಗನ್ನು ಮೇಜಿನಂತೆ ತೊಡೆಯ ಮೇಲಿಟ್ಟುಕೊಂಡು, "ಬಾಯಿ, ತುಮ್ಹಿ ಘರೀ ಕಾ ನವ್ಹತಾ?" ಎಂದು ಗದರಿದಳು. ಮನೆಯಲ್ಲಿ ಯಾಕಿರಲಿಲ್ಲ? ಅಲ್ಲಿಗೆ ಎಲ್ಲರೂ ಜಗಳಕ್ಕೆ ಬಿದ್ದೆವು. ನಿಜ ಹೇಳುವ ಹಾಗಿಲ್ಲ, ಪರವಾನಗಿ ಇಲ್ಲದೆ ರೈಲಿನಲ್ಲಿ ಮಾರುವುದು ಅಪರಾಧ. ಊರಿಗೆ ಹೋಗಿದ್ದೆ ಅನ್ನಲಿ ಎಂದಳು ಕಿಟಕಿಯ ಪಕ್ಕದವಳು. ಊರಿಗೆ ಹೋದವಳು ಇಲ್ಲಿಯವಳೇ ಅಲ್ಲ ಎಂದುಬಿಡುತ್ತಾರೆ ಎಂದು ನಾನು ಹಿಂದಿಯಲ್ಲಿ ಕೂಗಾಡಿದೆ. ಆಸ್ಪತ್ರೆಗೆ ಹೋಗಿದ್ದೆ ಅನ್ನಲಿ ಎಂದಳು ನರ್ಸ್. ದಿವಾ ಸ್ಟೇಷನ್ನಿನಲ್ಲಿ ಜನ ನುಗ್ಗಿ ಬಂದು ಕೋರ್ಟು ದಿನವೂ ಅರ್ಧಕ್ಕೇ ಮುಗಿಯುತ್ತಿತ್ತು. ಕೊನೆಗೆ ಆಸ್ಪತ್ರೆಯೇ ಗೆದ್ದಿತು. ಆಕೆ ಅದನ್ನು ಮರಾಠಿಯಲ್ಲಿ ಬಾಯಿಪಾಠ ಮಾಡಿದಳು.

ಹಿಯರಿಂಗಿನ ದಿನ ರಜೆ ಹಾಕಿ ನಾನೂ ಆಕೆಯ ಜೊತೆ ಕಚೇರಿಗೆ ಹೋದೆ. ಏಜೆಂಟರ ಜೊತೆ ಬಂದವರು, ಪ್ಯೂನ್‌ನ ಪರಿಚಯದವರು ನಮ್ಮ ಕಣ್ಣೆದುರೇ ಒಳಗೆ ಹೋಗಿ ನಗುತ್ತ ಹೊರಗೆ ಬಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಅಂತೂ ಮಧ್ಯಾಹ್ನ ಕರೆದಾಗ ಸಾಹೇಬರು ನನ್ನ ಇಸ್ತ್ರಿ ಸೀರೆ ನೋಡಿ, "ಬಸಾ ಮ್ಯಾಡಮ್" ಎಂದು ಕುರ್ಚಿ ತೋರಿಸಿದರು. ಮಾತನಾಡಿಸಿದ್ದೂ ನನ್ನನ್ನೇ. ನನಗೆ ಸಿಟ್ಟು ನೆತ್ತಿಗೇರಿತು. ನಿಂತುಕೊಂಡೇ, "ಕೇಸು ಅವರದು, ಅವರನ್ನು ಕೇಳಿ" ಎಂದೆ.

ಅವರು ಕೇಳಿದರು. ಮನೆಯಲ್ಲಿ ಯಾಕಿರಲಿಲ್ಲ? ಆಕೆ ಬಾಯಿಪಾಠದ "ದವಾಖಾನಾ" ತನಕ ಬಂದು ನಿಂತುಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಕ್ಕಾರ, ಈ ಸುಳ್ಳು ನನ್ನ ಬಾಯಾಗ ಬರವಲ್ದು. ಮನ್ಯಾಗ ಕುಂತು ಉಣ್ಣಾಕ ಆಗಿದ್ರ ನಾ ಈ ಅರ್ಜಿ ಯಾಕ ಹಾಕ್ತಿದ್ದೆ, ಕೇಳ್ರಿ ಅವರಿಗೆ. ಕೀಲಿ ಹಾಕ್ಕೊಂಡು ದುಡ್ಯಾಕ ಹೋಗಿದ್ದೆ. ಬರೂ ಮೊದ್ಲ ಒಂದ್ ಮಾತ್ ತಿಳಸ್ರಿ ಅಂತ ಹೇಳ್ರಿ. ಬಾಗ್ಲಾ ತಗದು ಕುಂದರ್ತೀನಿ."

ಸಾಹೇಬರು ನನ್ನ ಮುಖ ನೋಡಿದರು. ಒಂದು ಮಾತೂ ಬಿಡದೆ, ಮೆತ್ತಗೂ ಮಾಡದೆ ಮರಾಠಿಯಲ್ಲಿ ಹೇಳಿದೆ. ಎಲ್ಲಿ ದುಡಿಯುತ್ತಾಳೆ ಎಂದು ಅವರು ಕೇಳಿಯೇಬಿಡುತ್ತಾರೆ ಅಂದುಕೊಂಡೆ, ಕೇಳಲಿಲ್ಲ. ಪೆನ್ನು ಎತ್ತಿಕೊಂಡರು. ಮರುಪರಿಶೀಲನೆ ಆಗಲಿ, ಅರ್ಜಿದಾರಳಿಗೆ ಮೊದಲೇ ತಿಳಿಸಿ ಹೋಗತಕ್ಕದ್ದು ಎಂದು ಬರೆದರು.

ಹೊರಗೆ ಬಂದ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಕೆಯ ಎರಡೂ ಕೈ ಹಿಡಿದು ಕುಲುಕಿದೆ. "ಇನ್ನಾ ಏನೂ ಸಿಕ್ಕಿಲ್ರಿ, ನೀವ್ ಆಗ್ಲೇ ಕುಣಿಯಾಕ ಹತ್ತೀರಿ" ಎಂದು ನಕ್ಕಳು.

ಮುಂದಿನ ವಾರ, ಗಾಡಿ ಮುಂಬ್ರಾ ದಾಟುವಾಗ ಆಕೆಯ ಫೋನ್ ರಿಂಗಾಯಿತು. ಆಕೆಯ ಬೆನ್ನು ನೆಟ್ಟಗಾದದ್ದನ್ನು ನೋಡಿಯೇ ಡಬ್ಬಿಯ ನಮ್ಮ ಮೂಲೆ ಮಾತು ನಿಲ್ಲಿಸಿತು. "ಹೋ ಸಾಹೇಬ, ಉದ್ಯಾ ಘರೀಚ್ ಅಸೇನ್" ಎಂದಳು. ನಾಳೆ ಮನೆಯಲ್ಲೇ ಇರುತ್ತೇನೆ. ನರ್ಸ್ ನನ್ನ ತೋಳು ಚಿವುಟಿದಳು.

ಆಕೆ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕ್ಲಿಪ್ಪಿನ ಗೊಂಚಲನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಮೊದಲು ಮರಾಠಿಯಲ್ಲಿ ಕೂಗಿ ಸಾರಿ, ಆಮೇಲೆ ನನಗೊಬ್ಬಳಿಗೇ ಕನ್ನಡದಲ್ಲಿ ಹೇಳಿದಳು:

"ನಾಳೆ ನಾ ಬರೂದಿಲ್ರಿ ಅಕ್ಕಾರ, ಸರ್ಕಾರ ನಮ್ಮನಿಗೆ ಬರಾಕತ್ತದ. ಏನ್ ಬೇಕೋ ಇವತ್ತ ತಗೊಳ್ರಿ."