ಕರಿಮೆಣಸಿನ ಅಂಗಡಿಯ ಮೇಲಿನ ಕೋಣೆ

ಅಕ್ಕನನ್ನು ನಾನು ಮೊದಲ ಸಲ ಕಂಡದ್ದು ಗೋಣಿಕೊಪ್ಪಲಿನಲ್ಲಿ, ಫೋಟೋಗಳಿಗೆ ಕಟ್ಟು ಹಾಕುವ ಒಂದು ಅಂಗಡಿಯಲ್ಲಿ. ಅವರು ನನ್ನ ಒಡಹುಟ್ಟಿದ ಅಕ್ಕನಲ್ಲ. ಪಾಲಿಬೆಟ್ಟದ ಕಡೆ ಕಾಫಿ ತೋಟವಿದ್ದ ಕೊಡವ ಮನೆತನದವರು, ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ನಾನು ಕುಶಾಲನಗರದ ಪಕ್ಕದ ಹಳ್ಳಿಯವಳು. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದ ಬೇಸಾಯಗಾರರ ಮಗಳು. ಮದುವೆಯಾಗಿ ಗೋಣಿಕೊಪ್ಪಲಿಗೆ ಬಂದ ಮೇಲೆ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದೆ. ಆ ದಿನ ತೀರಿಹೋದ ಮಾವನವರ ಫೋಟೋಗೆ ಕಟ್ಟು ಹಾಕಿಸಲು ಹೋಗಿದ್ದೆ. ಅಂಗಡಿಯ ಮೇಜಿನ ಮೇಲೆ ಅಕ್ಕ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಹರಡಿದ್ದರು. ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದ ಚಿತ್ರವಿತ್ತು. ತೋಟದ ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಗಳ ಮುಂದಿನ ನಲ್ಲಿ, ನೀರಿಗೆ ಕಾದು ನಿಂತ ಕೊಡಗಳು, ಒಂದು ಕೊಡದ ಬಾಯಿಯ ಮೇಲೆ ಕೂತ ಕೋಳಿ.

"ಇದಕ್ಕೂ ಗ್ಲಾಸ್ ಹಾಕ್ಬೇಕಾ ಅಮ್ಮ? ಮಕ್ಕಳು ಗೀಚಿದ್ದಲ್ವಾ?" ಎಂದ ಅಂಗಡಿಯವನು.

"ಹಾಕಿ, ಒಳ್ಳೆ ಗ್ಲಾಸೇ ಹಾಕಿ. ನಮ್ಮ ಲೈನಿನ ಹುಡುಗಿ ಬರ್ದದ್ದು. ಅವಳ ಮನೆ ಗೋಡೆಗೇ ಇದನ್ನ ತೂಗು ಹಾಕ್ಬೇಕು."

ನನಗೆ ಸುಮ್ಮನಿರಲಾಗಲಿಲ್ಲ. "ಆ ಕೋಳಿ ನೋಡಿ, ಇನ್ನೇನು ಜಾರ್ಬಿಡುತ್ತೆ ಅನ್ನೋ ಹಂಗೆ ಕೂತೈತೆ" ಎಂದೆ.

ಅವರು ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀನು ಬರೀತೀಯಾ?"

"ಬರೀತಿದ್ದೆ."

"ನಾನೂ ಅಷ್ಟೇ. ಬರೀತಿದ್ದೆ" ಎಂದರು.

ಆ ಒಂದು ಕ್ರಿಯಾಪದದಿಂದ ನಮ್ಮ ಸ್ನೇಹ ಶುರುವಾಯಿತು. ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಇಬ್ಬರೂ ನಮ್ಮ ನಮ್ಮ ಕತೆ ಹೇಳಿಕೊಂಡೆವು. ಹತ್ತನೇ ತರಗತಿ ಮುಗಿಸಿದಾಗ ನನಗೆ ಮೈಸೂರಿಗೆ ಹೋಗಿ ಚಿತ್ರಕಲೆ ಕಲಿಯುವ ಆಸೆಯಿತ್ತು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಮಗು ಚಂದಮಾಮ ಬೇಕೆಂದಾಗ ದೊಡ್ಡವರು ನಗುವ ಹಾಗೆ ನಕ್ಕುಬಿಟ್ಟರು. ಅಕ್ಕನ ಮನೆಯಲ್ಲಿ ಬಣ್ಣ, ಬ್ರಶ್ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಮದುವೆಯಾಗುವವರೆಗೆ ಹೊತ್ತು ಕಳೆಯಲು ಹೆಣ್ಣುಮಕ್ಕಳಿಗೆ ಒಂದು ಹವ್ಯಾಸ ಇರಲಿ ಎಂದು ಅದನ್ನೆಲ್ಲ ಕೊಡಿಸಿದ್ದರಂತೆ. ಮದುವೆಯ ಮೇಲೆ ಆ ಪೆಟ್ಟಿಗೆ ಅಟ್ಟ ಸೇರಿತು.

"ನಮ್ಮದು ಹೋಯ್ತು. ಈ ಮಕ್ಕಳದ್ದಾದ್ರೂ ಹೋಗೋದು ಬೇಡ. ಭಾನುವಾರ ನಿನಗೆ ಬಿಡುವುಂಟಾ?" ಎಂದರು ಅಕ್ಕ.

ಹೀಗೆ ಹುಟ್ಟಿದ್ದು ಮಕ್ಕಳಿಗೆ ಚಿತ್ರ ಕಲಿಸುವ ನಮ್ಮ ಸಂಸ್ಥೆ. ಅದನ್ನು ನೋಂದಾಯಿಸಲು ಹೋದಾಗ ಅಧ್ಯಕ್ಷರು ಯಾರು, ಕಾರ್ಯದರ್ಶಿ ಯಾರು ಎಂದು ಕೇಳಿದರು. ನಾವು ಮುಖಮುಖ ನೋಡಿಕೊಂಡೆವು. ಕೊನೆಗೆ ಅಕ್ಕ ಅಧ್ಯಕ್ಷೆ, ನಾನು ಕಾರ್ಯದರ್ಶಿ. ಸಂಬಳವಿಲ್ಲದ ಕೆಲಸಕ್ಕೆ ಎಂಥ ಭಾರದ ಹೆಸರುಗಳು ಎಂದು ನನ್ನ ಗಂಡ ಬಹಳ ದಿನ ನಗುತ್ತಿದ್ದರು. ಮಕ್ಕಳು ಮಾತ್ರ ಅದ್ಯಾವುದನ್ನೂ ತಲೆಗೆ ಹಾಕಿಕೊಳ್ಳದೆ ನಮ್ಮನ್ನು ದೊಡ್ಡ ಮಿಸ್, ಸಣ್ಣ ಮಿಸ್ ಎಂದು ಕರೆದರು.

ಭಾನುವಾರವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿತ್ತು. ಅಂದು ಗೋಣಿಕೊಪ್ಪಲಿನ ಸಂತೆ. ಪಾಲಿಬೆಟ್ಟ, ತಿತಿಮತಿ ಕಡೆಯ ತೋಟಗಳಿಂದ ಜನ ಜೀಪು, ಬಸ್ಸು ತುಂಬಿಕೊಂಡು ಬರುತ್ತಾರೆ. ಅಪ್ಪ ಅಮ್ಮ ಸಾಮಾನು ಕೊಳ್ಳುವಷ್ಟು ಹೊತ್ತು ಮಕ್ಕಳು ನಮ್ಮ ಹತ್ತಿರ ಇರಲಿ ಎಂದು ಸಂತೆಯ ಹತ್ತಿರವೇ ಒಂದು ಕೋಣೆ ಹಿಡಿದೆವು. ಕೆಳಗೆ ಕರಿಮೆಣಸಿನ ವ್ಯಾಪಾರಿಯ ಅಂಗಡಿ. ಅಲ್ಲಿ ಚೀಲ ಸುರಿದಾಗೆಲ್ಲ ಮೇಲೆ ನಾವು ಸಾಲಾಗಿ ಸೀನುತ್ತಿದ್ದೆವು. ಮಕ್ಕಳ ತಾಯಂದಿರು ಕೊಂಡ ಸಾಮಾನನ್ನೂ ನಮ್ಮ ಸುಪರ್ದಿಗೇ ಬಿಟ್ಟು ಮತ್ತೆ ಸಂತೆಗೆ ಇಳಿಯುತ್ತಿದ್ದರು. ಒಂದು ದಿನ ಯಾರೋ ಇಟ್ಟುಹೋದ ಒಣಮೀನಿನ ವಾಸನೆಗೆ ನಾನು ಮುಖ ಸಿಂಡರಿಸಿದೆ. ಅಕ್ಕ ಪೊಟ್ಟಣ ಬಿಚ್ಚಿ ಒಂದು ಮೀನನ್ನು ಬೆಂಚಿನ ಮೇಲಿಟ್ಟು, "ಕುಂಞಿಗಳೇ, ಇವತ್ತು ಇದನ್ನೇ ಬರೆಯುವ" ಎಂದರು. ಕೊಡವ ಮಾತಿನಲ್ಲಿ ಕುಂಞಿ ಎಂದರೆ ಮಗು. ಮೀಸೆ ಬಂದ ಹುಡುಗರೂ ಅವರಿಗೆ ಕುಂಞಿಗಳೇ.

ಆ ಕೋಣೆಗೆ ಬಂದ ಎಲ್ಲರೂ ಕಲಾವಿದರಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಆದರೆ ಒಬ್ಬ ಹುಡುಗಿಯ ವಿಷಯದಲ್ಲಿ ನಮ್ಮಿಬ್ಬರಿಗೂ ಅನುಮಾನವಿರಲಿಲ್ಲ. ತಿತಿಮತಿಯವಳು. ಅಪ್ಪ ಅರಣ್ಯ ಇಲಾಖೆಯಲ್ಲಿ ವಾಚರ್. ಅವಳಿಗೆ ಯಾವ ಹಾಳೆಯೂ ಸಾಲುತ್ತಿರಲಿಲ್ಲ. ಎರಡು ಮೂರನ್ನು ಅಂಟಿಸಿಕೊಂಡು ನೆಲದ ಮೇಲೆ ಬೋರಲು ಮಲಗಿ ಬರೆಯುತ್ತಿದ್ದಳು. ಪಿಯುಸಿ ಮುಗಿದಾಗ ಮೈಸೂರಿನ ಚಿತ್ರಕಲಾ ಕಾಲೇಜಿಗೆ ಹೋಗುತ್ತೇನೆಂದಳು. ಅಪ್ಪ ಬೇಡವೆಂದರು. ಮುಂದಿನ ಭಾನುವಾರ ಅವಳು ಬರಲಿಲ್ಲ.

ಅಕ್ಕ ತಮ್ಮ ಹಳೆಯ ಜೀಪಿನಲ್ಲಿ ನನ್ನನ್ನು ಕೂರಿಸಿಕೊಂಡು ತಿತಿಮತಿಗೆ ಹೊರಟರು. ಅವರ ಮನೆ ಕಾಡಿನ ಅಂಚಿನಲ್ಲಿತ್ತು. ಅಪ್ಪ ಆಗ ತಾನೇ ಡ್ಯೂಟಿ ಮುಗಿಸಿ ಬಂದು ಖಾಕಿ ಬಟ್ಟೆಯಲ್ಲೇ ಜಗಲಿಯ ಮೇಲೆ ಕೂತಿದ್ದರು. ತಾಯಿ ಬೆಲ್ಲದ ಕಾಫಿ ಕೊಟ್ಟರು.

"ಅಲ್ಲಮ್ಮ, ಅಂಗಡಿ ಬೋರ್ಡ್ ಬರೆಯಕ್ಕೆ ಕಾಲೇಜು ಎಂತಕ್ಕೆ? ಬಿಕಾಂ ಮಾಡಿದ್ರೆ ಯಾವುದಾದ್ರೂ ಎಸ್ಟೇಟ್ ಆಫೀಸಲ್ಲಿ ಒಂದು ಕುರ್ಚಿ ಸಿಕ್ತದೆ" ಎಂದರು ಅಪ್ಪ.

ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದನ್ನೆಲ್ಲ ಹೇಳಿದೆ. ಶಾಲೆಗಳಲ್ಲಿ ಡ್ರಾಯಿಂಗ್ ಟೀಚರ್ ಕೆಲಸ, ಪುಸ್ತಕಗಳಿಗೆ ಚಿತ್ರ, ಹಾಸ್ಟೆಲಿನ ಭದ್ರತೆ. ಅವರು ಮರ್ಯಾದೆಯಿಂದ ಎಲ್ಲವನ್ನೂ ಕೇಳಿಸಿಕೊಂಡರು. ಒಂದು ಮಾತೂ ಒಳಗಿಳಿಯಲಿಲ್ಲ. ಅಕ್ಕ ಕಾಫಿ ಮುಗಿಸಿ ಲೋಟ ಕೆಳಗಿಟ್ಟು ಹುಡುಗಿಯ ಕಡೆ ತಿರುಗಿದರು.

"ಕುಂಞಿ, ಅಪ್ಪನ್ನ ಬರಿ."

ಅಪ್ಪನಿಗೆ ವಿಪರೀತ ನಾಚಿಕೆಯಾಯಿತು. ಶರ್ಟ್ ಬದಲಿಸಿ ಬರುತ್ತೇನೆಂದು ಎದ್ದರು. "ಬೇಡ, ಹೀಗೇ ಇರಿ" ಎಂದು ಅಕ್ಕ ಕೂರಿಸಿದರು. ಮೊದಲು ಗುರುತಿನ ಚೀಟಿಯ ಫೋಟೋಗೆ ಕೂತ ಹಾಗೆ ಬಿಗಿದುಕೊಂಡಿದ್ದರು. ಹೊತ್ತು ಹೋದ ಹಾಗೆ ಭುಜ ಸಡಿಲವಾಯಿತು, ಕಣ್ಣು ತಾನಾಗಿ ಕಾಡಿನ ಕಡೆ ಹೋಯಿತು. ಹುಡುಗಿ ಒಮ್ಮೆ ಅವರನ್ನು, ಒಮ್ಮೆ ಹಾಳೆಯನ್ನು ನೋಡುತ್ತಾ ಬರೆದಳು. ಬರೆದು ಮುಗಿಸಿ ಹಾಳೆಯನ್ನು ಅಪ್ಪನ ಮುಂದೆ ಹಿಡಿದಳು. ಅದರಲ್ಲಿದ್ದದ್ದು ಮನೆಯ ಜಗಲಿಯ ಮೇಲೆ ಕೂತಿದ್ದರೂ ಕಾಡಿನ ಸದ್ದಿಗೆ ಕಿವಿ ಕೊಟ್ಟೇ ಇರುವ, ದಣಿದ ಒಬ್ಬ ಮನುಷ್ಯ.

"ನಾನು ಹೀಗಿದ್ದೇನಾ?" ಎಂದರು ಅವರು ಹೆಂಡತಿಯ ಕಡೆ ತಿರುಗಿ.

"ಹೀಗೇ ಇರೋದು. ಊಟಕ್ಕೆ ಕೂತಾಗ್ಲೂ ಹೀಗೇ" ಎಂದರು ಆಕೆ.

ಅವರು ಹಾಳೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಆಮೇಲೆ, "ನನ್ನನ್ನ ಇಷ್ಟು ಹೊತ್ತು ಯಾರೂ ನೋಡಿಲ್ಲಮ್ಮ" ಎಂದರು. ಆದರೂ ಒಪ್ಪಿದೆ ಎನ್ನಲಿಲ್ಲ. ನಾವು ಹೊರಟಾಗ "ನೋಡುವ" ಎಂದಷ್ಟೇ ಹೇಳಿದರು.

ವಾಪಸು ಬರುವಾಗ ಅಕ್ಕ ಜೀಪು ಓಡಿಸುತ್ತಿದ್ದರು. ಕಾಡು ದಾಟಿದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ, "ನನ್ನಪ್ಪನ್ನೂ ಒಂದು ಸಲ ಹಾಗೆ ಕೂರಿಸ್ಬೇಕಿತ್ತು" ಎಂದರು.

ಮುಂದಿನ ಸಂತೆಯ ದಿನ ಆ ಅಪ್ಪ ಮೊದಲ ಸಲ ನಮ್ಮ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲೇ ನಿಂತು ಕೇಳಿದರು: "ಹಾಸ್ಟೆಲಿಗೆ ಬಕೆಟು ನಾವೇ ತಗೊಂಡು ಹೋಗ್ಬೇಕಾ, ಅವರೇ ಕೊಡ್ತಾರಾ?"

ಹುಡುಗಿ ಮೈಸೂರಿಗೆ ಹೋದಳು. ಅವಳು ಅಲ್ಲಿದ್ದ ವರ್ಷಗಳಲ್ಲೇ ಅಕ್ಕನಲ್ಲಿ ಒಂದು ಹೊಸ ರೂಢಿ ಕಂಡೆ. ಮಕ್ಕಳು ಚಿತ್ರ ತೋರಿಸಿದರೆ ಅವರು, "ಎಂತ ಬರ್ದಿದ್ದೀಯ, ನನಗೆ ಹೇಳು" ಎನ್ನುತ್ತಿದ್ದರು. ಮಕ್ಕಳಿಗೆ ಅದು ಬಹಳ ಇಷ್ಟ. ಮೂಲೆಮೂಲೆಯನ್ನೂ ಬೆರಳಿಟ್ಟು ವಿವರಿಸುತ್ತಿದ್ದರು. ಕಲಿಸುವ ಒಳ್ಳೆಯ ಬಗೆ ಎಂದುಕೊಂಡು ನಾನೂ ಹಾಗೇ ಕೇಳತೊಡಗಿದೆ. ಒಂದು ಭಾನುವಾರ ಕೋಣೆಗೆ ಬೀಗ ಹಾಕಿ ಇಳಿದು ಬಂದಾಗ ಅವರು ಜೀಪಿನ ಕೀಯನ್ನು ನನ್ನ ಅಂಗೈಯಲ್ಲಿಟ್ಟರು.

"ಇನ್ನು ನೀನೇ ಓಡಿಸು."

"ನಂಗೆ ಜೀಪ್ ಓಡ್ಸೋಕೆ ಎಲ್ಲಿ ಬರುತ್ತೆ ಅಕ್ಕ?"

"ನನಗೆ ರೋಡ್ ಕಾಣೋದಿಲ್ಲ. ಎರಡರಲ್ಲಿ ಯಾವುದು ಬೇಗ ಸರಿ ಮಾಡ್ಲಿಕ್ಕಾಗ್ತದೆ, ಹೇಳು."

ನಾನು ನಕ್ಕೆ. ನಕ್ಕ ಮೇಲೆ ಅರ್ಥವಾಯಿತು. ಅವರ ಕಣ್ಣಿನ ನಡುವಿನ ನೋಟ ಸವೆದುಹೋಗಿತ್ತು. ಅಂಚಿನದು ಮಾತ್ರ ಉಳಿದಿತ್ತು. ವಯಸ್ಸಿನ ತೊಂದರೆ, ಹೋದದ್ದು ಮರಳಿ ಬರುವುದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ್ದರಂತೆ. "ನಿನ್ನನ್ನ ನೋಡಿದ್ರೆ ಕಿವಿ ಉಂಟು, ಓಲೆ ಉಂಟು, ಮುಖ ಇಲ್ಲ" ಎಂದರು, ಹವಾಮಾನದ ಸುದ್ದಿ ಹೇಳುವಷ್ಟು ಸಲೀಸಾಗಿ. ಅವರ ತೋಟದಲ್ಲಿ ಕಾಫಿ ಒಣಗಿಸುವ ಕಣದ ಮೇಲೆ ನಾನು ಜೀಪು ಓಡಿಸಲು ಕಲಿತೆ. ಪಕ್ಕದಲ್ಲಿ ಕೂತು ಅವರೇ ಕಲಿಸಿದರು, ಎಂಜಿನ್ನಿನ ಸದ್ದು ಕೇಳಿಯೇ ಗೇರ್ ಬದಲಿಸಲು ಹೇಳುತ್ತಾ.

ಹುಡುಗಿ ಓದು ಮುಗಿಸಿ ಬಂದಳು. ಆ ವರ್ಷ ಕಾಫಿಯೆಲ್ಲ ಚೀಲಕ್ಕೆ ಸೇರಿ ಕಣ ಖಾಲಿಯಾದಾಗ, ನಮ್ಮಲ್ಲಿ ಬೆಳೆದವರ ಚಿತ್ರಗಳನ್ನೆಲ್ಲ ಪಾಲಿಬೆಟ್ಟದ ಆ ಕಣದಲ್ಲೇ ಪ್ರದರ್ಶನಕ್ಕಿಟ್ಟೆವು. ಲೈನಿನ ಹೆಂಗಸರು ಮದುವೆಗೆ ಬರುವ ಹಾಗೆ ಸಿಂಗರಿಸಿಕೊಂಡು ಬಂದರು. ಹುಡುಗಿಯ ದೊಡ್ಡ ಚಿತ್ರ ಗೋದಾಮಿನ ಗೋಡೆಗೆ ಒರಗಿತ್ತು. ಅಕ್ಕ ಅದರ ಮುಂದೆ ನಿಂತು ಮುಖವನ್ನು ಒಂದು ಕಡೆ ತಿರುಗಿಸಿದರು. ಹಾಗೆ ಮಾಡಿದರೆ ಸ್ವಲ್ಪ ಕಾಣುತ್ತಿತ್ತು. ಹುಡುಗಿ ಅವರ ಕೈ ಹಿಡಿದುಕೊಂಡಳು.

"ಕಾಫಿ ಪಿಕಿಂಗ್ ಮುಗಿಸಿ ಹೆಂಗಸರು ಜೀಪಲ್ಲಿ ನಿಂತ್ಕೊಂಡು ಮನೆಗೆ ಹೋಗ್ತಿದ್ದಾರೆ, ದೊಡ್ಡ ಮಿಸ್. ಮುಖ ಯಾರದ್ದೂ ಕಾಣಲ್ಲ. ಬೀಳದ ಹಾಗೆ ಒಬ್ಬರ ಭುಜ ಇನ್ನೊಬ್ಬರು ಹಿಡಿದಿದ್ದಾರೆ. ಬೆಳಕು ಆ ಕೈಗಳ ಮೇಲೆ ಮಾತ್ರ."

"ಬೆಳಕಿಗೆ ಎಂತ ಬಣ್ಣ ಹಾಕಿದ್ದಿ?"

"ಮೊದಲು ಹಳದಿ ಹಾಕಿದ್ದೆ. ಸರಿಯಾಗ್ಲಿಲ್ಲ, ತೆಗೆದೆ. ಕಾಫಿ ಹಣ್ಣಾಗುವ ಮೊದಲು ಒಂದು ಬಣ್ಣ ಬರ್ತದಲ್ಲ ಮಿಸ್, ಹಸಿರೂ ಅಲ್ಲ, ಕೆಂಪೂ ಅಲ್ಲ. ಅದು."

"ಕಂಡಿತು" ಎಂದರು ಅಕ್ಕ.

ಅಂದು ಸಂಜೆ ಚಿತ್ರ ತೂಗುಹಾಕಿದ್ದ ಹಗ್ಗ ಬಿಚ್ಚಿ ಸುತ್ತುತ್ತಿದ್ದ ನನ್ನನ್ನು ಕರೆದು, ನಾವಿಬ್ಬರೂ ಸ್ಥಾನ ಬಿಟ್ಟುಕೊಡುವ, ಆ ಹುಡುಗಿಯೂ ಅವಳ ಜೊತೆಯವರೂ ನಡೆಸಲಿ ಎಂದರು.

"ನನ್ನ ಕಣ್ಣು ಚೆನ್ನಾಗೇ ಐತಲ್ಲ ಅಕ್ಕ" ಎಂದುಬಿಟ್ಟೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. "ಅದಕ್ಕೇ ಹೇಳೋದು. ಚೆನ್ನಾಗಿರುವಾಗ್ಲೇ ಬಿಡು. ಅವರು ಮಾಡೋದನ್ನ ನಮ್ಮಿಬ್ಬರಲ್ಲಿ ಒಬ್ಬರಾದ್ರೂ ನೋಡ್ಬೇಕಲ್ಲ."

ಬಿಟ್ಟೆವು. ಹುಡುಗಿ ನಮ್ಮನ್ನು ಸಲಹೆಗಾರರಾಗಿ ಉಳಿಸಿಕೊಳ್ಳುತ್ತೇನೆಂದು ಹಟ ಹಿಡಿದಳು. ಸಲಹೆಗಾರರೆಂದರೆ ಕುರ್ಚಿ ಬಿಡಲಾರದ ಮುದುಕಿಯರು ಎಂದು ಅಕ್ಕ ಅವಳ ಬಾಯಿ ಮುಚ್ಚಿಸಿದರು. ಮೊದಮೊದಲು ಭಾನುವಾರ ಬೆಳಗಾದರೆ ನನಗೆ ಎಲ್ಲಿ ನಿಲ್ಲುವುದು, ಏನು ಮಾಡುವುದು ಎಂದೇ ತಿಳಿಯುತ್ತಿರಲಿಲ್ಲ. ಕೈ ತಾನಾಗಿ ಬ್ರಶ್ ತೊಳೆಯುವ ಡಬ್ಬಿಗಳನ್ನು ಹುಡುಕುತ್ತಿತ್ತು. ಕಡೆಗೆ ಬಸ್ಸು ಹಿಡಿದು ಪಾಲಿಬೆಟ್ಟಕ್ಕೆ ಹೋಗಿ ಅಕ್ಕನ ಜೊತೆ ಕೂರುವುದನ್ನು ರೂಢಿ ಮಾಡಿಕೊಂಡೆ. ಇಬ್ಬರೂ ಮಕ್ಕಳ ಸುದ್ದಿಯನ್ನೇ ಆಡುತ್ತಿದ್ದೆವು. ಹೋದ ವರ್ಷ ತೋಟಗಳಲ್ಲಿ ಕಾಫಿ ಹೂ ಬಿಟ್ಟ ವಾರ ಅಕ್ಕ ತೀರಿಕೊಂಡರು. ಊರೆಲ್ಲ ಆ ಹೂವಿನ ವಾಸನೆ. ಈ ವರ್ಷ ಹೂ ಬಿಟ್ಟಾಗ ನಾನು ಕಿಟಕಿ ಮುಚ್ಚಿದೆ.

ಜನ ಸಾಂತ್ವನಕ್ಕೆಂದು, ನೀವು ಎಷ್ಟು ಮಕ್ಕಳನ್ನು ಬೆಳೆಸಿದಿರಿ ಎನ್ನುತ್ತಾರೆ. ನನಗೆ ಬೇಕಾಗಿರುವುದು ಆ ಲೆಕ್ಕವಲ್ಲ. ಸೀನಿದ ಮೇಲೆ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವಲ್ಲ, ಅದು. ಮಕ್ಕಳೆಲ್ಲ ಹೋದ ಮೇಲೆ ಬೆಂಚಿನ ಮೇಲೆ ಕಾಲು ಚಾಚಿ, ಅಕ್ಕ ತಮ್ಮ ಚೀಲದಿಂದ ತೆಗೆದು ನನ್ನ ಕೈಗೆ ಹಾಕುತ್ತಿದ್ದ ಕಿತ್ತಳೆಯ ಅರ್ಧ ಭಾಗ. ಸಂತೆಗೆ ಹೋದಾಗ ಆ ಅಂಗಡಿಯ ಮುಂದೆ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತದೆ. ಮೇಲೆ ಮಕ್ಕಳ ಕಾಲ ಸದ್ದು ಕೇಳುತ್ತದೆ.

ಮೊನ್ನೆ ಹಾಗೆ ನಿಂತಿದ್ದಾಗ ಹುಡುಗಿ, ಈಗಿನ ಅಧ್ಯಕ್ಷೆ, ಕಿಟಕಿಯಿಂದ ನೋಡಿ ಓಡಿ ಬಂದು ಕೈ ಹಿಡಿದು ಮೇಲೆ ಕರೆದುಕೊಂಡು ಹೋದಳು. ಗೋಡೆಯ ತುಂಬ ಬಣ್ಣ, ಹೊಸ ಮೇಜುಗಳು. ಮೂಲೆಯಲ್ಲಿ ದೊಡ್ಡ ಮಕ್ಕಳು ಫೋನಿನಲ್ಲಿ ಸಣ್ಣ ಸಿನಿಮಾ ಮಾಡುತ್ತಿದ್ದರು. ಎಲ್ಲ ಚೆನ್ನಾಗಿತ್ತು, ನಾವು ಮಾಡಿದ್ದಕ್ಕಿಂತ ಚೆನ್ನಾಗಿತ್ತು. ಅವಳಿಗೆ ಹಾಗೇ ಹೇಳಿದೆ. ಅವಳನ್ನು ಯಾರೋ ಕರೆದರು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿ ಬಣ್ಣ ಹಚ್ಚುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ತಲೆಯೆತ್ತಿ, "ಆಂಟಿ, ನೀವು ಯಾರ ಜೊತೆ ಬಂದದ್ದು?" ಎಂದಳು.

ಉತ್ತರ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ತಡೆದುಕೊಂಡು, "ಒಬ್ಬಳೇ ಬಂದೆ" ಎಂದೆ.

"ಹೋಗುವಾಗ?"

"ಹೋಗುವಾಗಲೂ ಒಬ್ಬಳೇ."

ಅವಳಿಗೆ ಇದು ಸರಿ ಕಾಣಲಿಲ್ಲ. "ನನ್ನಮ್ಮ ಬರುವವರೆಗೆ ಇರಿ. ಬಸ್ ಸ್ಟ್ಯಾಂಡಿನವರೆಗೆ ಒಟ್ಟಿಗೇ ಹೋಗುವ" ಎಂದು ಹೇಳಿ ಮತ್ತೆ ಬಣ್ಣಕ್ಕೆ ಬಗ್ಗಿದಳು.

ನನ್ನ ಮನೆ ಇರುವುದು ಬಸ್ ಸ್ಟ್ಯಾಂಡಿನ ಎದುರು ದಿಕ್ಕಿಗೆ. ಆದರೂ ಕಾದೆ. ಅವಳ ಅಮ್ಮ ಸೊಪ್ಪು ತುಂಬಿದ ಚೀಲ ಹೊತ್ತು ಬಂದರು. ಚೀಲದ ಒಂದು ಕಿವಿಯನ್ನು ನಾನು ಹಿಡಿದುಕೊಂಡೆ. ಮೂವರೂ ಮೆಟ್ಟಿಲಿಳಿದು ಸಂತೆಯ ಜನದ ನಡುವೆ ಬಸ್ ಸ್ಟ್ಯಾಂಡಿನ ಕಡೆ ನಡೆದೆವು.