ಅತ್ತೆ ಆರಿಸಿಕೊಂಡ ಲೆನ್ಸು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಶಾಲೆಯನ್ನು ನಡುವೆಯೇ ಬಿಟ್ಟವಳು ನಾನು, ಮಾತುಗಳೂ ಅಷ್ಟಕ್ಕಷ್ಟೆ. ಆದರೆ ನನ್ನ ಅತ್ತೆಯ ಬಗ್ಗೆ ಬೀದಿಯಲ್ಲಿ ಏನೇನೋ ಆಡಿಕೊಳ್ಳುತ್ತಿದ್ದಾರೆ. ಎದುರು ನಿಂತು ಉತ್ತರ ಕೊಡಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಅವರದು. ಬೀದಿಗೆಲ್ಲ ಅವರು ಕತ್ತರಿಯಮ್ಮ. ತಲೆ ತೊಳೆಯುವ ಕೆಲಸ ನನ್ನದು. ಅತ್ತೆ ಕೂದಲ ಎಳೆಯನ್ನು ಎರಡು ಬೆರಳ ನಡುವೆ ಹಿಡಿದು, ತುದಿ ನೋಡಿ ಕತ್ತರಿ ಆಡಿಸಿ, ತಕ್ಷಣ ಕತ್ತೆತ್ತಿ ಎದುರಿನ ಕನ್ನಡಿಯಲ್ಲಿ ಗಿರಾಕಿಯ ಮುಖ ನೋಡುತ್ತಾರೆ. ಮತ್ತೆ ಬೆರಳು, ಮತ್ತೆ ಕನ್ನಡಿ. "ಬರೀ ತಲೆ ನೋಡಿ ಕತ್ತರಿಸೋಕೆ ಇದೇನು ಹುಲ್ಲಾ?" ಎನ್ನುತ್ತಾರೆ.

ಕಣ್ಣಿಗೆ ಪೊರೆ ಬಂದ ಮೇಲೆ ಇದು ಕೆಟ್ಟಿತು. ಕನ್ನಡಕ ಹಾಕಿದರೆ ಬೆರಳು ಒಂದಿಷ್ಟು ಕಾಣುತ್ತಿತ್ತು, ಕನ್ನಡಿ ಬರೀ ಮಂಜು. ಗಾಜಿಗೆ ಕೂದಲ ಚೂರು ಅಂಟುತ್ತಿತ್ತು. ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟರೆ ಅದು ಗಿರಾಕಿಯ ತಲೆಗೆ ಟಕ್ಕೆಂದು ಬಡಿಯುತ್ತಿತ್ತು. ಒಂದು ದಿನ ಶಾಲೆಯ ಟೀಚರಮ್ಮನ ಹಣೆಗೂದಲು ಓರೆಯಾಗಿ ಹೋಯಿತು. ಒಂದು ಹುಬ್ಬು ಮುಚ್ಚಿತ್ತು, ಇನ್ನೊಂದು ಬಯಲಾಗಿತ್ತು. ಅವರು ಏನೂ ಅನ್ನದೆ ಎದ್ದು ಹೋದರು. ಬೈದಿದ್ದರೆ ಅತ್ತೆಗೆ ಅಷ್ಟು ನೋಯುತ್ತಿರಲಿಲ್ಲ. ಸುದ್ದಿ ಹರಡಿತು, ಕುರ್ಚಿ ಖಾಲಿ ಬಿತ್ತು.

ಅತ್ತೆಯ ಮಗನನ್ನು ನಾನು ಭಾವ ಎನ್ನುತ್ತೇನೆ. ಕೆಟ್ಟವನಲ್ಲ, ಹೆದರುಪುಕ್ಕಲ ಅಷ್ಟೆ.

"ಪೊರೆ ತೆಗೆಸಿ ಸಾದಾ ಲೆನ್ಸ್ ಹಾಕಿಸ್ಕೊಮ್ಮ," ಎಂದ. "ದೂರದ್ದು ಚೆನ್ನಾಗಿ ಕಾಣತ್ತೆ. ಈ ವಯಸ್ಸಲ್ಲಿ ನಿಂಗೆ ಇನ್ನೇನು ಬೇಕು? ಅಂಗಡಿ ಮುಚ್ಚಿ ಆರಾಮಾಗಿ ಕೂತ್ಕೊ."

"ದೂರ ನೋಡ್ತಾ ಕೂರೋಕೆ ನಾನೇನು ವಾಚ್‌ಮನ್ನಾ?"

ಆಸ್ಪತ್ರೆಗೆ ಮೂವರೂ ಹೋದೆವು. ಡಾಕ್ಟರಮ್ಮ ತಾಳ್ಮೆಯವರು. ಸಾದಾ ಲೆನ್ಸು ಒಂದು ದೂರಕ್ಕೆ ಮಾತ್ರ, ಉಳಿದದ್ದಕ್ಕೆ ಕನ್ನಡಕ ಬೇಕು ಎಂದರು. ಮಲ್ಟಿಫೋಕಲ್ ಹಾಕಿಸಿಕೊಂಡರೆ ಹತ್ತಿರ, ನಡುವೆ, ದೂರ ಮೂರೂ ಹೆಚ್ಚುಕಡಿಮೆ ಕನ್ನಡಕವಿಲ್ಲದೆ ಕಾಣುತ್ತದಂತೆ.

"ಆದ್ರೆ ಅದು ಬೆಳಕನ್ನ ಹಂಚಿಬಿಡತ್ತೆ. ಮಂದ ಬೆಳಕಲ್ಲಿ ಸ್ವಲ್ಪ ಮಬ್ಬು ಅನ್ನಿಸ್ಬಹುದು. ದೀಪದ ಸುತ್ತ ಬಳೆ ಬಳೆಯಾಗಿ ಕಾಣ್ಬಹುದು. ಕೆಲವರಿಗೆ ಒಗ್ಗೋದೇ ಇಲ್ಲ. ಅಂಥವರಿಗೆ ತೆಗೆದು ಬೇರೆ ಹಾಕ್ಬೇಕು ಅಂದ್ರೆ ಮತ್ತೆ ಆಪರೇಷನ್."

"ನಾನೇನು ರಾತ್ರಿ ಲಾರಿ ಓಡಿಸ್ತೀನಾ ತಾಯಿ? ಬೀದಿ ದೀಪ ಬಳೆ ತೊಟ್ಕೊಂಡ್ರೆ ತೊಟ್ಕೊಳ್ಳಲಿ."

"ಕೆಲಸ ಹೇಗೆ ಮಾಡ್ತೀರಿ, ತೋರ್ಸಿ," ಎಂದರು ಡಾಕ್ಟರಮ್ಮ. ಅತ್ತೆ ನೆಟ್ಟಗೆ ಅವರ ಹಿಂದೆ ಹೋಗಿ ನಿಂತು ಜಡೆಗೇ ಕೈ ಹಾಕಿದರು. ಭಾವ ನಾಚಿಕೆಯಿಂದ ಛಾವಣಿ ನೋಡಿದ. "ತುದಿ ಸೀಳಿದೆ ಕಣ್ರೀ. ಕಣ್ಣು ಸರಿಹೋಗ್ಲಿ, ಬನ್ನಿ ಅಂಗಡಿಗೆ." ಡಾಕ್ಟರಮ್ಮ ನಕ್ಕರು. ಬೆರಳಿಗೂ ಕಣ್ಣಿಗೂ ಇರುವ ದೂರ ಅಳೆದುಕೊಂಡು, ಈ ಕೆಲಸಕ್ಕೆ ಮಲ್ಟಿಫೋಕಲ್ ಹೊಂದಬಹುದು, ಆದರೆ ಮಾತು ಕೊಡಲಾರೆ ಎಂದರು.

ಮೊದಲ ಕಣ್ಣಿಗೆ ಮಲ್ಟಿಫೋಕಲ್ ಹಾಕಿದ್ದು ಸುಸೂತ್ರವಾಗಿ ಆಯಿತು. ಪಟ್ಟಿ ಬಿಚ್ಚಿದ ದಿನ ಅತ್ತೆ ಔಷಧಿ ಸೀಸೆಯ ಸಣ್ಣಕ್ಷರ ಓದಿದರು, ಎದುರು ಮಹಡಿಯಲ್ಲಿ ಒಣಗುತ್ತಿದ್ದ ಬಟ್ಟೆಯ ಗುಂಡಿ ತೋರಿಸಿದರು. ಆ ಸಂಜೆ ಅಂಗಡಿ ನೋಡಿಬರೋಣ ಎಂದು ಹೊರಟೆವು. ನಾನೇ ಸ್ವಿಚ್ ಹಾಕಿದೆ.

ನಮ್ಮ ಕನ್ನಡಿಯ ಚೌಕಟ್ಟಿನ ಸುತ್ತ ಬಲ್ಬುಗಳಿವೆ. ಅಂಗಡಿಯ ಅಂದವೇ ಅದು. ಬೀದಿ ದೀಪದ ಬಗ್ಗೆ ಅಷ್ಟು ಮಾತಾಡಿದ ನಮಗೆ, ದಿನವಿಡೀ ಕಣ್ಣೆದುರೇ ಉರಿಯುವ ಈ ದೀಪಗಳು ನೆನಪಾಗಿಯೇ ಇರಲಿಲ್ಲ. ಅತ್ತೆ ಕನ್ನಡಿ ನೋಡಿ ಹಾಗೇ ಕುರ್ಚಿಯಲ್ಲಿ ಕುಸಿದರು. ಒಂದೊಂದು ಬಲ್ಬಿಗೂ ಬಳೆ, ಬಳೆಯೊಳಗೆ ಬಳೆ. ನನ್ನ ಮುಖ ಎಲ್ಲಿದೆ ಎಂದೇ ಅವರಿಗೆ ಗೊತ್ತಾಗಲಿಲ್ಲ.

"ನಾನು ಬಡ್ಕೊಂಡೆ," ಎಂದ ಭಾವ. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ಅಳು ಇತ್ತು. "ಇನ್ನೊಂದು ಕಣ್ಣಿಗಾದ್ರೂ ಸಾದಾ ಹಾಕ್ಸಮ್ಮ. ಅಂಗಡಿ ಸಾಕು."

ಅತ್ತೆ ಎದ್ದು ಸ್ವಿಚ್ ಆರಿಸಿದರು.

"ಬಲ್ಬೂ ನಂದೇ, ಕಣ್ಣೂ ನಂದೇ. ಇಬ್ರಿಗೂ ಆಗಿಬರಲ್ಲ ಅಂದ್ರೆ ಹೊರಗೆ ಹೋಗೋದು ಬಲ್ಬು. ನಾನಲ್ಲ."

ಟವೆಲ್ ಸುತ್ತಿ ಒಂದೊಂದನ್ನೇ ತಿರುಗಿಸಿ ಬಿಚ್ಚಿದರು. ನಾನು ಬುಟ್ಟಿ ಹಿಡಿದೆ. ಮರುದಿನ ಕನ್ನಡಿಯನ್ನೇ ಸರಿಸಿ, ಕಿಟಕಿಯ ಬೆಳಕು ಪಕ್ಕದಿಂದ ಗಿರಾಕಿಯ ಮುಖಕ್ಕೆ ಬೀಳುವಂತೆ ನಿಲ್ಲಿಸಿದೆವು. ಖಾಲಿ ತೂತುಗಳ ಚೌಕಟ್ಟು ಹಲ್ಲುದುರಿದ ಬಾಯಿಯ ಹಾಗೆ ಕಾಣುತ್ತದೆ. ಕತ್ತರಿಯಮ್ಮನ ಕಣ್ಣೂ ಹೋಯ್ತು, ದೀಪವೂ ಹೋಯ್ತು ಎಂದು ಬೀದಿಯವರು ನಗುವುದು ಇದಕ್ಕೇ. ಕಣ್ಣು ಹೋಗಿಲ್ಲ. ಇದನ್ನು ಹೇಳಲೆಂದೇ ಇಷ್ಟೆಲ್ಲ ಬರೆದೆ.

ಎರಡನೆಯ ಕಣ್ಣಿಗೆ ಮೊದಲು ಡಾಕ್ಟರಮ್ಮ ಮತ್ತೆ ಕೇಳಿದರು. ಬಳೆಗಳು ದಿನ ಕಳೆದಂತೆ ಕಡಿಮೆಯಾಗಬಹುದು, ಆಗದೆಯೂ ಇರಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

"ಬೆರಳು ಕಾಣತ್ತೆ, ಕನ್ನಡೀಲಿ ಮುಖ ಕಾಣತ್ತೆ. ನಂಗೆ ಬೇಕಾಗಿದ್ದು ಅದೇ. ಬಳೆ ಇದ್ರೆ ಇರ್ಲಿ ಬಿಡಿ," ಎಂದರು ಅತ್ತೆ. "ಅದೇ ಹಾಕಿ."

ಅದೂ ಆಗಿದೆ. ಬಳೆಗಳು ಇನ್ನೂ ಇವೆ, ಸಂಜೆಯಾದರೆ ಅತ್ತೆ ಗೊಣಗುತ್ತಾರೆ. ಕತ್ತರಿ ಹಿಡಿಯಬಹುದು ಎಂದು ಇವತ್ತು ಅಪ್ಪಣೆ ಸಿಕ್ಕಿದೆ. ಬರುತ್ತೇನೆ ಎಂದು ಒಬ್ಬ ಗಿರಾಕಿಯೂ ಹೇಳಿಲ್ಲ. ಅತ್ತೆ ಅದನ್ನು ಬಾಯಿಬಿಟ್ಟು ಆಡಿಲ್ಲ, ಆದರೆ ಕತ್ತರಿಗಳನ್ನು ಒರೆಸಿದ್ದನ್ನೇ ಒರೆಸುತ್ತಿದ್ದಾರೆ.

ನಾಳೆ ಬೆಳಿಗ್ಗೆ ಅಂಗಡಿಯ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಬೀದಿಗೆಲ್ಲ ಕಾಣುವ ಹಾಗೆ ಆ ಕುರ್ಚಿಯಲ್ಲಿ ನಾನೇ ಕೂರುತ್ತೇನೆ. "ಭುಜದವರೆಗೆ ಕತ್ತರಿಸಿ, ಅತ್ತೆ," ಎನ್ನುತ್ತೇನೆ.