ಉಡಿಯಲ್ಲಿದ್ದ ಅಕ್ಕಿ

ನಾಟಕೀಯ ವ್ಯಂಗ್ಯವೆಂದರೆ, ಪಾತ್ರಕ್ಕೆ ಗೊತ್ತಿರದ್ದು ನೋಡುವವರಿಗೆಲ್ಲ ಗೊತ್ತಿರುವುದು. ಇದನ್ನು ಪಾಠ ಮಾಡುವಾಗೆಲ್ಲ ನನಗೆ ಮೂಡಲಗಿಯ ಸೋದರತ್ತೆಯ ಮನೆ ನೆನಪಾಗುತ್ತದೆ.

ಆಗ ನಾನು ಗೋಕಾಕದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ. ಧಾರವಾಡದಲ್ಲಿ ಎಂ.ಎ. ಮುಗಿಯುವ ತನಕ ಮದುವೆಯ ಮಾತೆತ್ತಬೇಡಿ ಎಂದು ಹುಕ್ಕೇರಿಯ ಮನೆಯಲ್ಲಿ ಹಟ ಹಿಡಿದಿದ್ದೆ. ಎಲ್ಲರೂ ಹೂಂ ಅಂದಿದ್ದರು. ಒಂದು ಭಾನುವಾರ ಅವ್ವ, "ಅತ್ತಿ ಭಾಳ ನೆನಸಾಕತ್ತಾಳ, ಹೋಗಿ ಬರೂಣು ಬಾ" ಎಂದಳು.

ಬಸ್ಸಿನಲ್ಲಿ ಪರೀಕ್ಷೆಗೆ ಓದುತ್ತ ಕೂತೆ. ಮುನ್ಸೂಚನೆ: ಮುಂದೆ ನಡೆಯುವುದರ ಸುಳಿವನ್ನು ಕಥೆಗಾರ ಮೊದಲೇ ಇಟ್ಟಿರುತ್ತಾನೆ. ಬಾಯಿಪಾಠ ಮಾಡಿದೆ. ಅವ್ವ ತನ್ನ ಹಸಿರು ಇಳಕಲ್ ಸೀರೆಯನ್ನು ನನಗೆ ಉಡಿಸಿದ್ದಳು. ಎಂದೂ ನಮ್ಮ ಜೊತೆ ಬಾರದ ಕಾಕಾ ಇಸ್ತ್ರಿ ಅಂಗಿ ತೊಟ್ಟು ಹೊರಟಿದ್ದ. ಗೋಕಾಕದ ಸ್ಟ್ಯಾಂಡಿನಲ್ಲಿ ಇಳಿದು ಮಲ್ಲಿಗೆ ತಂದುಕೊಟ್ಟ. ಇಷ್ಟು ಸುಳಿವಿದ್ದರೆ ಎಂಥ ದಡ್ಡ ಓದುಗನಿಗೂ ತಿಳಿಯುತ್ತದೆ. ನಾನು ಮಾತ್ರ ಸೆಕೆ ಎಂದು ಗೊಣಗುತ್ತಿದ್ದೆ.

ಅತ್ತೆಯ ಮನೆಯಲ್ಲಿ ಗುರುತಿಲ್ಲದ ನಾಲ್ಕಾರು ಜನ ಚಹಾ ಕುಡಿಯುತ್ತಿದ್ದರು. ಊಟವಾದ ಮೇಲೆ ಅತ್ತೆ ನನ್ನನ್ನು ಚಾಪೆಯ ಮೇಲೆ ಕೂರಿಸಿದಳು. ಮನೆಗೆ ಬಂದ ಹೆಣ್ಣುಮಕ್ಕಳಿಗೆ ಉಡಿ ತುಂಬಿ ಕಳಿಸುವುದು ನಮ್ಮಲ್ಲಿ ಇದ್ದದ್ದೇ; ಸೆರಗೊಡ್ಡಿದೆ. ಆದರೆ ಅಕ್ಕಿ, ಕೊಬ್ಬರಿ, ಅರಿಸಿನ ಕೊಂಬು ಹಾಕಿದವಳು ಅತ್ತೆಯಲ್ಲ, ಬಂದವರಲ್ಲೊಬ್ಬ ಹೆಂಗಸು. ಹಾಕಿ, ನನ್ನ ಬಾಯಿಗೆ ಸಕ್ಕರೆ ಇಟ್ಟಳು. ನಾನು ಚಪ್ಪರಿಸಿದೆ.

"ಸಕ್ಕರಿ ಕಾರ್ಯ ಆತು ನೋಡ್ರಿ ಬೀಗರ" ಎಂದು ಕಾಕಾ ಆಕೆಯ ಗಂಡನ ಕೈ ಹಿಡಿದ.

ಸಕ್ಕರೆ ಕಾರ್ಯವೆಂದರೆ ಮದುವೆ ಗೊತ್ತಾದಂತೆ. ಬಂದವರ ಪೈಕಿ ಮೂಲೆಯಲ್ಲಿ ತಲೆ ತಗ್ಗಿಸಿ ಕೂತ ಹುಡುಗ ಯಾರೆಂದು ಆಗ ತಿಳಿಯಿತು. ಅವ್ವನತ್ತ ನೋಡಿದೆ.

"ಹೇಳಿದ್ರ ನೀ ಬರತಿದ್ದಿಲ್ಲಲ್ಲವಾ" ಎಂದಳು, ಮೆಲ್ಲಗೆ.

ಅಷ್ಟು ಜನರಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ. ಕೂಗಬೇಕೆನಿಸಿತು, ಬಾಯಲ್ಲಿ ಸಕ್ಕರೆ ಇನ್ನೂ ಕರಗುತ್ತಿತ್ತು.

ಅದೇ ಮೂಡಲಗಿಯಲ್ಲಿ ಈಗ ಹೈಸ್ಕೂಲಿನ ಟೀಚರ್ ಆಗಿದ್ದೇನೆ. ಗಂಡ ಕೆಟ್ಟವನಲ್ಲ, ಬಿ.ಇಡಿ. ಓದಿಸಿದ. ಧಾರವಾಡವನ್ನು ಮಾತ್ರ ಇನ್ನೂ ನೋಡಿಲ್ಲ.

ಮೊನ್ನೆ ಉದಾಹರಣೆ ಬೇಕಾಗಿ ಇದನ್ನೇ ಯಾರದೋ ಕಥೆ ಎಂಬಂತೆ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್, ಆಕಿ ಎದ್ದು ಹೋಗಬೇಕಿತ್ತಲ್ರಿ?"

"ಹೆಂಗ ಹೋಗಾಕ ಬರತೈತಿ? ಉಡ್ಯಾಗ ಅಕ್ಕಿ ಇದ್ವು. ಎದ್ರ ಚೆಲ್ಲತಿದ್ವು."

"ಚೆಲ್ಲಿದ್ರ ಏನಾಗತಿತ್ರಿ?"

ಕ್ಲಾಸೆಲ್ಲ ನಕ್ಕಿತು. ಬಲಗೈಯಲ್ಲಿ ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿದೆ. ಎಡಗೈ ಮಾತ್ರ ಸೆರಗನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿತ್ತು.